ಡೊಮೇನ್ ಎಲ್ಲಿ ಕೊಳ್ಳುವುದು? ಮೂರು ಕಡೆ ಕೊಂಡು ನೋಡಿದ್ದು

ಮಾಟುಂಗದ ನಮ್ಮ ಮಾವನ ಕೇಟರಿಂಗ್‌ಗೆ ಡಾಟ್ ಕಾಮ್ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಕೊಡಿಸಿದ್ದು ನಾನೇ, ಮೊದಲ ವರ್ಷ ಬರೀ 199 ರೂಪಾಯಿ ಎಂಬ ಜಾಹೀರಾತು ನೋಡಿ. ಆ ಕಂಪನಿಯ ಹೆಸರು ಇಲ್ಲಿ ಬೇಡ. ದುಡ್ಡು ಕಟ್ಟಲು ಹೋದರೆ ಇಮೇಲ್, ಎಸ್‌ಎಸ್‌ಎಲ್ (ಸೈಟಿನ ಸುರಕ್ಷತೆಗೆ), ಪ್ರೈವಸಿ (ಮಾಲೀಕರ ವಿವರ ಮರೆಮಾಡಲು) ಎಲ್ಲಕ್ಕೂ ಮೊದಲೇ ಟಿಕ್ ಬಿದ್ದಿತ್ತು. ಮರುವರ್ಷ ರಿನೀವಲ್‌ಗೆ 1,400 ಚಿಲ್ಲರೆ ಕೇಳಿದರು. ಅದನ್ನಾದರೂ ಸಹಿಸಬಹುದು, ಅಲ್ಲಿಂದ ಹೊರಬರುವಾಗ ಪಟ್ಟ ಪಾಡು ಬೇಡ. ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ಟ್ರಾನ್ಸ್‌ಫರ್ ಕೋಡ್ ಖಾತೆಯಲ್ಲೆಲ್ಲೂ ಕಾಣಲಿಲ್ಲ. ಚಾಟ್‌ನಲ್ಲಿ ಕೇಳಿದರೆ, ‘ಡಿಸ್ಕೌಂಟ್ ಕೊಡ್ತೇವೆ, ಇಲ್ಲೇ ಇರಿ ಸರ್’ ಅಂದರು. ಕೇಳಿದ ಐದು ದಿನದೊಳಗೆ ಕೋಡ್ ಕೊಡಲೇಬೇಕೆಂಬ ಐಕ್ಯಾನ್ (ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ನಿಯಮವನ್ನು ನೆನಪಿಸಿದೆ. ಐದನೇ ದಿನ ರಾತ್ರಿ ಮೇಲ್ ಬಂತು. ಅವಧಿ ಮುಗಿಯಲು ಒಂಬತ್ತೇ ದಿನ ಉಳಿದಿತ್ತು. ಮಾವನ ಟೆಂಪೋ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಇರುವುದು ಅದೇ ಹೆಸರು. ರಿನೀವ್ ಆಗದೆ ರಿಡೆಂಪ್ಷನ್ ಎಂಬ ಕೊನೆಯ ಗಡುವಿಗೆ ಬಿದ್ದರೆ ಬಿಡಿಸಿಕೊಳ್ಳಲು 30 ದಿನ, ಅದೂ ದಂಡ ಕಟ್ಟಿ. ಆಮೇಲೆ ಐದು ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು.

ಡೊಂಬಿವಲಿಯ ನಮ್ಮ ಯಕ್ಷಗಾನ ತಂಡದ ಹೆಸರು ನೇಮ್‌ಚೀಪ್ ಎಂಬ ಡೊಮೇನ್ ಮಾರುವ ಕಂಪನಿಯಲ್ಲಿದೆ. ಅಲ್ಲಿ ಪ್ರೈವಸಿಗೆ ಪ್ರತ್ಯೇಕ ದುಡ್ಡಿಲ್ಲ. (ಡಾಟ್ ಇನ್ ಹೆಸರಿಗೆ ಯಾರ ಬಳಿ ಕೊಂಡರೂ ಪ್ರೈವಸಿ ಸಿಗದು, ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಅದಕ್ಕೆ ಬಿಡುವುದಿಲ್ಲ.) ಪರೀಕ್ಷೆಗೆಂದೇ ಕೋಡ್ ಕೇಳಿ ನೋಡಿದೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಂತು. ನನಗೆ ನಂಬಿಕೆ ಹುಟ್ಟಿದ್ದು ಅಲ್ಲೇ.

ಮಾವನ ಹೆಸರನ್ನು ಮಾತ್ರ ಕ್ಲೌಡ್‌ಫ್ಲೇರ್‌ಗೆ ಒಯ್ದೆ. 2018ರಲ್ಲಿ ಡೊಮೇನ್ ಮಾರುವ ಸೇವೆ ಶುರುಮಾಡಿದಾಗಿನಿಂದ ಅವರದು ಒಂದೇ ಮಾತು: ಡಾಟ್ ಕಾಮ್ ನಡೆಸುವ ವೆರಿಸೈನ್‌ನ ಸಗಟು ದರ, ಜೊತೆಗೆ ಐಕ್ಯಾನ್ ಶುಲ್ಕ, ಅದರ ಮೇಲೆ ಲಾಭವಿಲ್ಲ. ಮೊದಲ ವರ್ಷ ಅಗ್ಗ, ಮರುವರ್ಷ ದುಬಾರಿ ಎಂಬ ಲೆಕ್ಕವೇ ಇಲ್ಲ. ಟ್ರಾನ್ಸ್‌ಫರ್‌ಗೆ ಕಟ್ಟಿದ ದುಡ್ಡಿಗೆ ಅವಧಿಯೂ ಒಂದು ವರ್ಷ ಮುಂದಕ್ಕೆ ಹೋಯಿತು. ಒಂದು ಕಟ್ಟುಪಾಡಿದೆ: ನೇಮ್‌ಸರ್ವರ್ (ಹೆಸರು ಯಾವ ಸೈಟಿಗೆ ಹೋಗಬೇಕೆಂದು ತೋರಿಸುವ ಸರ್ವರ್) ಅವರದೇ ಆಗಿರಬೇಕು. ನಿಮ್ಮ ನೇಮ್‌ಸರ್ವರ್ ಬೇರೆ ಕಡೆ ಇರಲೇಬೇಕು ಅಂದರೆ ನೇಮ್‌ಚೀಪ್ ಸರಿ.

ಆಟೋ ರಿನೀವಲ್ ನೆಚ್ಚಿಕೊಳ್ಳಬೇಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿದ ಮೇಲೆ ನಮ್ಮ ಕಾರ್ಡಿನಿಂದ ತಾನಾಗಿ ದುಡ್ಡು ಹೋಗುವ ಭರವಸೆಯಿಲ್ಲ. ನಾನು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಟ್ಟೆ. ಹತ್ತು ವರ್ಷದವರೆಗೂ ಕಟ್ಟಬಹುದು.

ಮಾಲೀಕರ ಜಾಗದಲ್ಲಿ ಇಷ್ಟು ದಿನ ನನ್ನ ಹೆಸರೇ ಇತ್ತು. ಅದನ್ನೂ ಬದಲಿಸಿ ಮಾವನ ಹೆಸರು, ಮಾವನ ಇಮೇಲ್ ಹಾಕಿದೆ. ವೆರಿಫಿಕೇಷನ್ ಲಿಂಕನ್ನು 15 ದಿನದೊಳಗೆ ಒತ್ತಬೇಕು, ಇಲ್ಲದಿದ್ದರೆ ಸೈಟ್ ನಿಂತೀತು ಎಂದು ಫೋನ್ ಮಾಡಿ ಹೇಳಿದೆ. ಸಾಂಬಾರಿನ ಕೊಪ್ಪರಿಗೆ ಮುಂದೆ ನಿಂತುಕೊಂಡೇ ಮಾವ ಒತ್ತಿದರು.