ತುಮಕೂರಿನ ನಾಣ್ಯದಂಗಡಿಯ ರೋಮನ್ ದಿನಾರಿಯಸ್: ಸರಕು ಚೆನ್ನ, ಚೀಟಿ ತಪ್ಪು

ತುಮಕೂರು ಪೇಟೆಯ ಈ ಅಂಗಡಿಯಲ್ಲಿರುವುದು ರೋಮನ್ ಚಕ್ರವರ್ತಿ ಟೈಬೀರಿಯಸನ (ಆಳ್ವಿಕೆ ಕ್ರಿ.ಶ. 14–37) ಬೆಳ್ಳಿ ನಾಣ್ಯ, ದಿನಾರಿಯಸ್. ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇದೇ ದೊರೆಯ ನಾಣ್ಯ ಸಿಕ್ಕಿದೆ.

ಮುಂಬದಿಯಲ್ಲಿ ಲಾರೆಲ್ ಎಲೆಯ ಮಾಲೆ ತೊಟ್ಟ ತಲೆ. ಸುತ್ತಲ ಬರಹದಲ್ಲಿ ‘ದೇವತ್ವ ಪಡೆದ ಆಗಸ್ಟಸ್‌ನ ಮಗ’ ಎಂಬ ಬಿರುದು; ಆಗಸ್ಟಸ್ ಈತನ ಹಿಂದಿನ ಚಕ್ರವರ್ತಿ. ಸಿಂಹಾಸನದ ಹಕ್ಕನ್ನು ಬೆರಳುಗುರಿನಷ್ಟು ಬೆಳ್ಳಿಯಲ್ಲಿ ಸಾರಿದ ಪರಿ ಅದ್ಭುತ! ಹಿಂಬದಿಯಲ್ಲಿ ರಾಜದಂಡ, ರೆಂಬೆ ಹಿಡಿದು ಕುಳಿತ ಹೆಂಗಸು. ಚೀಟಿಯಲ್ಲಿ ‘ರೋಮನ್ ರಾಣಿ’ ಎಂದು ಖಚಿತವಾಗಿ ಬರೆದದ್ದು ತಪ್ಪು. ಆಕೆ ರಾಜಮಾತೆ ಲಿವಿಯಾ ಇರಬಹುದೆಂಬುದು ವಿದ್ವಾಂಸರ ಊಹೆ ಮಾತ್ರ.

ತೂಕ 3.72 ಗ್ರಾಂ. ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟಾಗ 0.36 ಗ್ರಾಂ ಕಡಿಮೆಯಾಯಿತು, ತೂಕವನ್ನು ಇದರಿಂದ ಭಾಗಿಸಿದರೆ 10.3, ಅಂದರೆ ನೀರಿಗಿಂತ ಅಷ್ಟು ಪಟ್ಟು ಸಾಂದ್ರ; ಇದು ಒಳ್ಳೆ ಬೆಳ್ಳಿಗೆ ಸರಿಹೊಂದುತ್ತದೆ. ಆದರೆ ಬೆಳ್ಳಿಯಲ್ಲೇ ಮಾಡಿದ ನಕಲಿಯೂ ಇದರಲ್ಲಿ ಪಾಸಾಗುತ್ತದೆ. ಆದ್ದರಿಂದ ಹತ್ತುಪಟ್ಟು ಭೂತಗನ್ನಡಿಯಲ್ಲಿ ಅಂಚು ನೋಡಿ: ಸುತ್ತಲೂ ಗೆರೆ, ಅಕ್ಷರಗಳ ನಡುವೆ ಗುಳ್ಳೆಗುಂಡಿ ಇದ್ದರೆ ಅದು ಎರಕ ಹೊಯ್ದ ನಕಲಿ. ಇದರಲ್ಲಿ ಅವೆರಡೂ ಇಲ್ಲ.

ಅಂಗಡಿಯವರು ಹುಣಸೆಹುಳಿ ಹಾಕಿ ಉಜ್ಜಿ ಹೊಳಪು ಕೊಟ್ಟಿರುವುದು ದೊಡ್ಡ ನಷ್ಟ. ಹಳೆ ಕಪ್ಪು ಹೋಗಿ ಕೂದಲಿನ ಎಳೆಗಳೇ ಸವೆದಿವೆ. ಕೊಳ್ಳುವವರು ಪ್ರಾಚ್ಯವಸ್ತು ಮಾರಾಟದ ಪರವಾನಗಿ ನೋಡಿ, ತೂಕ ನಮೂದಿಸಿದ ರಸೀದಿ ಕೇಳಿ ಪಡೆಯಿರಿ.