ಲೊಕೇಶನ್ ಬ್ಲಾಕ್, ವಿಪಿಎನ್, ಟಾರ್: ನಮ್ಮ ಊರನ್ನು ಯಾವುದು ಮುಚ್ಚಿಡುತ್ತದೆ?

ಕೆಲವು ವೆಬ್‌ಸೈಟ್‌ಗಳು ಬಂದವರ ಊರನ್ನು ಪುಟದ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಹಾಕುತ್ತವೆ. ಓದಲು ಬಂದವರನ್ನು ಒಂದು ಮಾತೂ ಕೇಳುವುದಿಲ್ಲ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ತಪ್ಪಿಸಿಕೊಳ್ಳಲು ಮೂರು ದಾರಿ ಬಳಸಿ ನೋಡಿದೆ.

ಮೊದಲನೆಯದು, ಬ್ರೌಸರ್‌ನಲ್ಲಿ ಲೊಕೇಶನ್ ಬ್ಲಾಕ್ ಮಾಡುವುದು. ದುಡ್ಡಿಲ್ಲ, ಕಷ್ಟವಿಲ್ಲ. ಜಿಪಿಎಸ್ ಮತ್ತು ಸುತ್ತಲಿನ ವೈಫೈ ನೋಡಿ ಮನೆ ಬಾಗಿಲವರೆಗೂ ಗುರುತಿಸುವುದು ನಿಲ್ಲುತ್ತದೆ. ಆದರೆ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ) ವೆಬ್‌ಸೈಟ್‌ಗೆ ಹೋಗಿಯೇ ಹೋಗುತ್ತದೆ, ಅದಿಲ್ಲದೆ ಪುಟ ನಮಗೆ ತಲುಪುವುದಿಲ್ಲ. ಊರನ್ನು ಊಹಿಸುವುದು ಅದರಿಂದಲೇ. ಮೊಬೈಲ್ ಡೇಟಾದಲ್ಲಿದ್ದಾಗ ನನ್ನನ್ನು ಬೆಂಗಳೂರಿನವನು, ಕೆಲವೊಮ್ಮೆ ಚೆನ್ನೈನವನು ಎಂದು ತೋರಿಸಿತು. ಮನೆಯ ಫೈಬರ್‌ನಲ್ಲಿ ಮಾತ್ರ ಸರಿಯಾಗಿ ಶಿವಮೊಗ್ಗ! ಆಂಡ್ರಾಯ್ಡ್ 12ರಿಂದ ಆ್ಯಪ್‌ಗಳಿಗೆ ಅಂದಾಜು ಸ್ಥಳವನ್ನಷ್ಟೇ ಕೊಡಬಹುದು. ಮಳೆ ಬರುತ್ತಾ ಅಂತ ನೋಡಲು ಅಷ್ಟು ಸಾಕು.

ಎರಡನೆಯದು ವಿಪಿಎನ್, ಅಂದರೆ ನಮ್ಮ ಸಂಪರ್ಕವನ್ನು ಬೇರೊಂದು ಕಂಪನಿಯ ಕಂಪ್ಯೂಟರ್ ಮೂಲಕ ಕಳಿಸುವ ಸೇವೆ. ಅದು ವೆಬ್‌ಸೈಟ್‌ಗೆ ಕಾಣುವ ಐಪಿಯನ್ನು ಬದಲಿಸುತ್ತದೆ. ಸಿಂಗಾಪುರ ಆರಿಸಿದರೆ ವೆಬ್‌ಸೈಟ್‌ಗೆ ಸಿಂಗಾಪುರವೇ ಕಾಣುತ್ತದೆ. ಆದರೆ ವಿಪಿಎನ್ ಹಾಕಿಕೊಂಡು ಲೊಕೇಶನ್‌ಗೆ ಅನುಮತಿ ಕೊಟ್ಟು ನೋಡಿದೆ. ನಕ್ಷೆಯ ಚುಕ್ಕಿ ನಮ್ಮ ಬೀದಿಯಲ್ಲೇ ಇತ್ತು. ಬ್ರೌಸರ್ ಹೇಳುವ ಸಮಯವೂ ಭಾರತದ್ದೇ. ಇನ್ನೊಂದು ವಿಷಯ, ಇಲ್ಲಿ ವೆಬ್‌ಸೈಟ್‌ಗೆ ಮುಚ್ಚಿಟ್ಟಿದ್ದು ವಿಪಿಎನ್ ಕಂಪನಿಗೆ ಗೊತ್ತಿರುತ್ತದೆ. ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೇಳಿದಾಗ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಪುಕ್ಕಟೆ ವಿಪಿಎನ್‌ಗಳನ್ನು ನಾನಂತೂ ನಂಬುವುದಿಲ್ಲ.

ಊರು ಮುಚ್ಚಿಡುವುದರಲ್ಲಿ ಟಾರ್ ಬ್ರೌಸರ್ ಗೆದ್ದಿತು. ನಮ್ಮ ಸಂಪರ್ಕ ಮೂರು ಕಂಪ್ಯೂಟರ್‌ಗಳನ್ನು ದಾಟಿ ಹೋಗುತ್ತದೆ, ವೆಬ್‌ಸೈಟ್‌ಗೆ ಕಾಣುವುದು ಕೊನೆಯದು ಮಾತ್ರ. ಸಮಯವನ್ನೂ ಎಲ್ಲರಿಗೂ ಒಂದೇ ಎಂದು ಹೇಳುತ್ತದೆ. ಆದರೆ ತುಂಬಾ ನಿಧಾನ. ನಾವು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಜಾಸ್ತಿ, ಬ್ಯಾಂಕ್ ಕೆಲಸಕ್ಕೆ ಆಗದು.

ಹಾಗಾಗಿ ದಿನನಿತ್ಯಕ್ಕೆ ಲೊಕೇಶನ್ ಬ್ಲಾಕ್, ಹೊರಗಿನ ವೈಫೈಗೆ ದುಡ್ಡು ಕೊಟ್ಟ ವಿಪಿಎನ್, ಕಾಯಿಲೆಯಂಥ ಖಾಸಗಿ ವಿಷಯ ಹುಡುಕಲು ಟಾರ್ ಎಂದು ಇಟ್ಟುಕೊಂಡಿದ್ದೇನೆ.

ಆದರೂ ಈ ಹೊರೆಯೆಲ್ಲ ಓದುಗರ ಮೇಲೇ ಯಾಕೆ? ಒಪ್ಪಿಗೆ ಸ್ವತಂತ್ರವಾಗಿ, ವಿಷಯ ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎನ್ನುತ್ತದೆ ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಪುಟ ತೆರೆದ ಮಾತ್ರಕ್ಕೆ ಒಪ್ಪಿದಂತೆ ಆಗುವುದಿಲ್ಲ, ಅಲ್ವಾ? ಎಷ್ಟು ಜನ ಬಂದರೆಂದು ತಿಳಿಯಲು ದೇಶದ ಲೆಕ್ಕ ಸಾಕು. ಐಪಿಯ ಕೊನೆಯ ಭಾಗ ಅಳಿಸಿ ಇಟ್ಟುಕೊಳ್ಳಬಹುದು. ವೆಬ್‌ಸೈಟ್ ನಡೆಸುವವರು ಊರು ತೋರಿಸುವ ಆ ಪಟ್ಟಿಯನ್ನು ಇವತ್ತೇ ತೆಗೆಯಲಿ.