ಪ್ರಾಸ್ಟೇಟ್‌ಗೆ ಗೆರೆ ಎಳೆಯಲು ಸಿಟಿಯೋ, ಎಂಆರ್‌ಐಯೋ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಮುನ್ನ ಸ್ಕ್ಯಾನ್ ಚಿತ್ರದ ಮೇಲೆ ಗ್ರಂಥಿಯ ಅಂಚಿಗೆ ಗೆರೆ ಎಳೆಯಬೇಕು. ವಿಕಿರಣದ ಡೋಸ್ ಲೆಕ್ಕಕ್ಕೆ ಸಿಟಿ ಅನುಕೂಲ. ಆ ಲೆಕ್ಕಕ್ಕೆ ಬೇಕಾದ ಅಂಗಾಂಶದ ಎಲೆಕ್ಟ್ರಾನ್ ಸಾಂದ್ರತೆ ಅದರಿಂದಲೇ ಸಿಗುತ್ತದೆ. ಗ್ರಂಥಿಯ ಅಂಚಿನ ವಿಷಯಕ್ಕೆ ಬಂದರೆ ಮಾತ್ರ ಅದನ್ನು ನಂಬಬೇಡಿ. ಪ್ರಾಸ್ಟೇಟ್, ಪಕ್ಕದ ರಕ್ತನಾಳ, ಕೆಳಗಿನ ಸ್ನಾಯು ಎಲ್ಲವೂ ಒಂದೇ ಬೂದುಬಣ್ಣ. ಹೀಗಾಗಿ ಸಿಟಿಯಲ್ಲಿ ಎಳೆದ ಗೆರೆ ಸಾಮಾನ್ಯವಾಗಿ ದೊಡ್ಡದಾಗುತ್ತದೆ, ಅದರಲ್ಲೂ ಗ್ರಂಥಿಯ ಕೆಳತುದಿಯಲ್ಲಿ. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಗ್ರಂಥಿಯ ಕವಚ ತೆಳು ಕಪ್ಪು ಗೆರೆಯಾಗಿ ಕಾಣುತ್ತದೆ. 3 ಮಿ.ಮೀ. ಸ್ಲೈಸ್, ನಡುವೆ ಅಂತರವಿಲ್ಲದೆ ತೆಗೆಸಿ.

ಗಡ್ಡೆಗೆ ಹೆಚ್ಚುವರಿ ಡೋಸ್ ಕೊಡುವುದಿದ್ದರೆ ಎಂಆರ್‌ಐ ಬೇಕು, ಸಿಟಿಯಿಂದ ಆಗದು. ಗ್ರಂಥಿಯ ಹೊರವಲಯದಲ್ಲಿ ಡಿಫ್ಯೂಷನ್ (ನೀರಿನ ಅಣುಗಳ ಚಲನೆ ತೋರಿಸುವ ಎಂಆರ್‌ಐ) ಮುಖ್ಯ: ಗಡ್ಡೆ ಆ ಚಲನೆಯ ನಕ್ಷೆಯಾದ ಎಡಿಸಿಯಲ್ಲಿ ಕಪ್ಪು, ಹೆಚ್ಚಿನ ಬಿ-ಮೌಲ್ಯದಲ್ಲಿ (ಚಲನೆಗೆ ಹೆಚ್ಚು ಸೂಕ್ಷ್ಮವಾಗಿ ತೆಗೆದ ಚಿತ್ರದಲ್ಲಿ) ಬಿಳಿ. ಒಳವಲಯದಲ್ಲಿ ಟಿ2. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಡಿಫ್ಯೂಷನ್ ಚಿತ್ರ ಸೊಟ್ಟಗಾಗುತ್ತದೆ. ಹಾಗಾಗಿ ಡಿಫ್ಯೂಷನ್‌ನಲ್ಲಿ ಗಡ್ಡೆ ಹುಡುಕಿ, ಗೆರೆಯನ್ನು ಟಿ2 ಮೇಲೆ ಎಳೆಯಿರಿ. ಬಯಾಪ್ಸಿಯ ರಕ್ತವೂ ಟಿ2ನಲ್ಲಿ ಗಡ್ಡೆಯಂತೆ ಕಪ್ಪಾಗಿ ಮೋಸ ಮಾಡುತ್ತದೆ. ಟಿ1 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗಿದ್ದರೆ ರಕ್ತವೇ. ಹಾರ್ಮೋನ್ ಚಿಕಿತ್ಸೆ ಶುರುವಾದ ಮೇಲೆ ಗಡ್ಡೆ ಮಸುಕಾಗುತ್ತದೆ, ಸ್ಕ್ಯಾನ್ ಮೊದಲೇ ಮುಗಿಸಿ.

ಸಿಟಿ, ಎಂಆರ್‌ಐ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುವಾಗಲೇ ಹೆಚ್ಚು ಎಡವಟ್ಟು. ಮೂಳೆ ಹೊಂದಿತು ಎಂದರೆ ಪ್ರಾಸ್ಟೇಟ್ ಹೊಂದಿದಂತಲ್ಲ. ಮೂತ್ರಕೋಶ, ಗುದನಾಳ ತುಂಬಿದಷ್ಟೂ ಪ್ರಾಸ್ಟೇಟ್ ಜರುಗುತ್ತದೆ. ಗುರುತಿಗಾಗಿ ಪ್ರಾಸ್ಟೇಟ್‌ನ ಒಳಗಿಟ್ಟ ಚಿನ್ನದ ಕಾಳುಗಳಿಗೆ ಹೊಂದಿಸಿ. ಅವು ಗ್ರೇಡಿಯೆಂಟ್ ಎಕೋ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ.